ಅಂಗೈ ಯಾವ ಕಡೆಗಿತ್ತು

ಹದಿನೇಳು ವರ್ಷ, ಮಂಡಿಪೇಟೆಯ ಒಂದು ಮಾಳಿಗೆಯಲ್ಲಿ
ಒರೆಗಲ್ಲಿನ ಮುಂದೆ ಕೂತಿದ್ದೆ.
ಗಾಜಿನ ಕಿಂಡಿಯಿಂದ ಒಳಗೆ ಬರುತ್ತಿದ್ದವು
ಓಲೆ, ಜುಮುಕಿ, ಕಾಸಿನ ಸರ, ಕೂಸಿನ ಉಡಿದಾರದ ಗೆಜ್ಜೆ.
ಉಜ್ಜುವುದು, ಒಂದು ಹನಿ ಆಮ್ಲ ಬಿಡುವುದು,
ಗೆರೆ ಎಷ್ಟು ಉಳಿಯಿತೋ ಅಷ್ಟು ಸಾಲ.
ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಪಂಚಾಕ್ಷರಯ್ಯ ಹೇಳಿದ್ದರು:
"ಮುಖ ನೋಡಬ್ಯಾಡಪ್ಪಾ. ನೋಡಿದ್ರೆ ಕ್ಯಾರೆಟ್ ಜಾಸ್ತಿ ಕಾಣ್ತತಿ."

ಒಳ್ಳೆ ಮಾತು. ಎರಡು ಸಲ ಸಂಬಳ ಏರಿಸಿದ ಮಾತು.

ಈಗ ನಲವತ್ತಮೂರಕ್ಕೆ ಹಿಂದಿನ ಬೆಂಚು.
ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿಸುವ ಕೋರ್ಸು,
ಎರಡು ವರ್ಷ, ಫೀಸು ಮೂರು ಕಂತು.
ಮೊದಲ ದಿನ ಅಟೆಂಡರ್ ಎದ್ದು ನಿಂತು
"ಇನ್‌ಸ್ಪೆಕ್ಷನ್ನಾ ಸಾರ್?" ಅಂದಿದ್ದ.
ಪಕ್ಕದ ಹುಡುಗಿ ನೋಟ್ಸ್ ಕೊಡುತ್ತಾಳೆ, ಅಂಕಲ್ ಅನ್ನುತ್ತಾಳೆ.

ವನಜಾಕ್ಷಿ ಲೆಕ್ಕದ ಪುಸ್ತಕ ತೆರೆದು
ಹಾಲಿನ ಸಾಲನ್ನು ಒಂದರಿಂದ ಅರ್ಧಕ್ಕೆ ತಿದ್ದಿದಳು.
"ಯಾರಾದ್ರೂ ಕೇಳಿದ್ರೆ ಟ್ರೈನಿಂಗ್ ಅಂತೀನಿ,
ಕೆಲಸ ಬಿಟ್ರು ಅನ್ನಲ್ಲ."
ಅದು ಒಪ್ಪಿಗೆಯೋ ಸಿಟ್ಟೋ
ಇನ್ನೂ ಒರೆಗೆ ಹಚ್ಚಿ ನೋಡಿಲ್ಲ.

ನನ್ನ ಬೆರಳಿಗೆ ಹಿಡಿಯುವುದು ಗೊತ್ತು, ಬಿಡುವುದು ಗೊತ್ತಿಲ್ಲ.
ಹೆಬ್ಬೆರಳು ತೋರುಬೆರಳು ಇನ್ನೂ ಚಿಮಟದಂತೆ ಕೂಡಿಕೊಳ್ಳುತ್ತವೆ.
'ನೀರು' ಅನ್ನಲು ಹೋದರೆ ತೂಕ ಮಾಡಿದಂತಾಗಿ
ಮುಂದಿನ ಬೆಂಚು ನಗುತ್ತದೆ.
ರುಬೀನಾ ಮೇಡಂ, ಹುಟ್ಟಿದಾಗಿನಿಂದ ಏನೂ ಕೇಳದವರು,
ನನ್ನ ಮಣಿಕಟ್ಟು ಹಿಡಿದು ಝಾಡಿಸುತ್ತಾರೆ
ಒದ್ದೆ ಬಟ್ಟೆಯ ಹಾಗೆ.
ಮುಖ ಬೇಕು, ಅನ್ನುತ್ತಾರೆ ಕೈಯಲ್ಲಿ,
ಹುಬ್ಬು ಏರದಿದ್ದರೆ ಅದು ಪ್ರಶ್ನೆಯೇ ಅಲ್ಲ.

ಮುಖ!

ಸಂಜೆ ಅಶೋಕ ರಸ್ತೆಯ ಗೇಟು ಬೀಳುತ್ತದೆ.
ಮಂಡಕ್ಕಿ ಚೀಲ ಹೊತ್ತ ಆಟೋ, ಮಿರ್ಚಿ ಎಣ್ಣೆಯ ವಾಸನೆ,
ಮುಗಿಯದ ಗೂಡ್ಸು ಗಾಡಿ.
ಅದರ ಸದ್ದಿಗೆ ಬೈಗುಳ ಕೂಡ ಅರ್ಧಕ್ಕೆ ನಿಲ್ಲುತ್ತದೆ.
ನಾನು ಪ್ರಾಕ್ಟಿಕಲ್‌ಗೆ ಹೋಗುವ ಶಾಲೆಯ ಇಬ್ಬರು ಹುಡುಗರು ಮಾತ್ರ
ಡಬ್ಬಿ ಡಬ್ಬಿಯ ನಡುವಿನ ಸಂದಿಯಲ್ಲಿ
ಹಳಿಯಾಚೆಯ ಗೆಳೆಯನಿಗೆ ಮ್ಯಾಚಿನ ಸ್ಕೋರು ಹೇಳುತ್ತಿರುತ್ತಾರೆ.
ಒಂದು ಪದ, ಒಂದು ಡಬ್ಬಿ. ಒಂದು ಪದ, ಒಂದು ಡಬ್ಬಿ.

ಯಾಕೆ ಸೇರುತ್ತಿದ್ದೀರಿ ಅಂತ ಅರ್ಜಿಯಲ್ಲಿ ಕಾಲಂ ಇತ್ತು.
'ಸಮಾಜ ಸೇವೆ' ಅಂತ ಬರೆದೆ, ಎಲ್ಲರ ಹಾಗೆ.
ಬರೆಯದೆ ಬಿಟ್ಟದ್ದು:
ಒಂದು ಮಂಗಳವಾರ. ಕಿಂಡಿಯಾಚೆ ಒಬ್ಬಳೇ. ಮಾತು ಬರದವಳು.
ಒಂದು ಜೊತೆ ಓಲೆ ಇಟ್ಟಳು, ಹೆಬ್ಬೆಟ್ಟು ಒತ್ತಿದಳು,
ದುಡ್ಡು ಎಣಿಸಿಕೊಂಡ ಮೇಲೂ ಹೋಗಲಿಲ್ಲ.
ಕೈಯಲ್ಲಿ ಏನೋ ಅಂದಳು. ಮತ್ತೆ ಅಂದಳು.
ಮೂರನೇ ಸಲ ನಿಧಾನಕ್ಕೆ, ಮಗುವಿಗೆ ತಿಳಿಹೇಳುವ ಹಾಗೆ, ನನಗೆ.
ನಾನು ಹೂಂ ಅಂತ ತಲೆಯಾಡಿಸಿದೆ. ಸಾಲು ಉದ್ದ ಇತ್ತು.
ಅವಳು ನಂಬಿ ಹೋದಳು.

ಗಡುವು ದಾಟಿತು, ನೋಟೀಸು ವಾಪಸು ಬಂತು,
ಹರಾಜಿನ ಪಟ್ಟಿಯಲ್ಲಿ ಸಹಿ ನನ್ನದೇ.
ಎರಡು ವಾರದ ಮೇಲೆ ಬಂದಳು, ಸೆರಗಿನ ಗಂಟಿನಲ್ಲಿ ಪೂರ್ತಿ ದುಡ್ಡು,
ಮತ್ತೆ ಅದೇ ಕೈ.

ನಿನ್ನೆ ಕ್ಲಾಸು ಮುಗಿದ ಮೇಲೆ
ಅವಳ ಕೈಯನ್ನು ನನ್ನ ಕೈಯಲ್ಲಿ ಮಾಡಿ ತೋರಿಸಿದೆ.
ಹುಬ್ಬು ಏರಿಸಿ ಕೇಳಿದೆ: ಏನಿದು?
ಮೇಡಂ ಬಹಳ ಹೊತ್ತು ನೋಡಿದರು.
ಪುಸ್ತಕದ್ದಲ್ಲ, ಯಾವುದೋ ಮನೆಯೊಳಗೆ ಹುಟ್ಟಿದ ಮಾತು, ಅಂದರು.
ಆಮೇಲೆ,
ಅಂಗೈ ಮೇಲಿತ್ತೋ ಕೆಳಗಿತ್ತೋ?
ಮೇಲಿದ್ದರೆ ಒಂದು, ಕೆಳಗಿದ್ದರೆ ಬೇರೆಯೇ.

ನಾಲ್ಕು ಗ್ರಾಂ ಮುನ್ನೂರಿಪ್ಪತ್ತು ಮಿಲಿ.
ಇಪ್ಪತ್ತು ಕ್ಯಾರೆಟ್ಟು. ಬಲಗಿವಿಯದರ ತಿರುಪು ಸವೆದಿತ್ತು.
ಒಂದು ಕೆಂಪು ಹರಳು, ಗಾಜು.
ಇಷ್ಟು ನೆನಪಿದೆ.

ಇವತ್ತು ವಾರದ ದಿನಗಳ ಟೆಸ್ಟು.
ಕನ್ನಡಿ ಮುಂದೆ ನಿಂತು ತಡವರಿಸುತ್ತಿದ್ದೇನೆ.
ಬೆನ್ನ ಹಿಂದೆ ವನಜಾಕ್ಷಿ, ರೊಟ್ಟಿ ಹಿಟ್ಟು ಮೆತ್ತಿದ ಕೈ,
ಯಾರೂ ನೋಡುತ್ತಿಲ್ಲ ಅಂದುಕೊಂಡು ತಾನೂ ಒಮ್ಮೆ ಮಾಡುತ್ತಾಳೆ.
ಮಂಗಳವಾರ
ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.